ಸೊಪ್ಪು ಉಪ್ಪುನೀರಲ್ಲಿ ನೆನೆಸಿದರೆ ಔಷಧಿ ಹೋಗುತ್ತಾ?

ಜಯನಗರ_4ನೇ_ಬ್ಲಾಕ್:
ನಮ್ಮ ಮನೆಯಲ್ಲಿ ಇದು ಮುಗಿಯದ ಜಗಳ. ಸೊಪ್ಪು, ದ್ರಾಕ್ಷಿ, ಹೂಕೋಸು ಏನೇ ತಂದರೂ ಅಮ್ಮ ಉಪ್ಪು, ಅರಿಶಿನ ಹಾಕಿದ ನೀರಲ್ಲಿ ಮುಳುಗಿಸಿಡುತ್ತಾರೆ. ಬೆಳೆಗೆ ಹೊಡೆದ ಕೀಟನಾಶಕ ಔಷಧಿಯೆಲ್ಲ ಬಿಟ್ಟುಕೊಳ್ಳುತ್ತೆ ಅಂತ. ತಮ್ಮ ಕೇಳುವುದಿಲ್ಲ, ಒಳಗೆ ಸೇರಿದ್ದು ತೊಳೆದರೆ ಬರಲ್ಲ, ಸುಮ್ನೆ ನೀರು ದಂಡ ಅನ್ನುತ್ತಾನೆ. ಇದರ ಮಧ್ಯೆ ಪಕ್ಕದ ಮನೆಯವರು ವೃಷಭಾವತಿ ನದಿಯ ಕೊಳಚೆ ನೀರಲ್ಲಿ ಬೆಳೆದ ಸೊಪ್ಪು, ಬೆಳ್ಳಂದೂರು ಕೆರೆ ನೊರೆ, ಸೀಸ, ಡಿಡಿಟಿ ಎಲ್ಲವನ್ನೂ ಒಟ್ಟಿಗೆ ಕಲಸಿ ಹೆದರಿಸುತ್ತಾರೆ. ಇವೆಲ್ಲ ಒಂದೇನಾ? ಆಹಾರದಲ್ಲಿ ಇಂಥದ್ದನ್ನು ಹುಡುಕುವ ಕೆಮಿಸ್ಟ್‌ಗಳು ಯಾರಾದರೂ ಇಲ್ಲಿದ್ದರೆ ದಯವಿಟ್ಟು ಬಿಡಿಸಿ ಹೇಳಿ.

ಪೀಕ್_ನೋಡುವವಳು:
ಇಂಥ ಲ್ಯಾಬಿನಲ್ಲೇ ಕೆಲಸ ಮಾಡುತ್ತೇನೆ, ಹಾಗಾಗಿ ಸ್ವಲ್ಪ ಉದ್ದವಾಗುತ್ತೆ.

ಒಂದೇ ಅಲ್ಲ. ಸೀಸ, ಕ್ಯಾಡ್ಮಿಯಂ ಲೋಹಗಳು, ಅದಕ್ಕೆ ಯಂತ್ರವೇ ಬೇರೆ, ನಾವು ಅದನ್ನು ಮುಟ್ಟುವುದಿಲ್ಲ. ಬೆಳ್ಳಂದೂರಿನ ನೊರೆ ಮುಖ್ಯವಾಗಿ ನಮ್ಮದೇ ಬಟ್ಟೆ ಸೋಪು, ಪಾತ್ರೆ ಸೋಪಿನದು. ಆಮ್ಲಜನಕ ಇದ್ದರೆ ಬ್ಯಾಕ್ಟೀರಿಯಾಗಳು ಈಗಿನ ಡಿಟರ್ಜೆಂಟನ್ನು ಒಡೆದು ತಿನ್ನುತ್ತವೆ. ಕೊಳಚೆ ತುಂಬಿದ ಕೆರೆಯಲ್ಲಿ ಆಮ್ಲಜನಕವೇ ಇರಲ್ಲ, ಹಾಗಾಗಿ ಹಾಗೇ ಉಳಿಯುತ್ತೆ, ಕೋಡಿಯಲ್ಲಿ ಧುಮುಕಿದಾಗ ನೊರೆ ಏಳುತ್ತೆ.

ಇನ್ನು ಔಷಧಿ. ಅಮ್ಮ, ತಮ್ಮ ಇಬ್ಬರದೂ ಅರ್ಧರ್ಧ ಸರಿ. ಎಲೆ ಮೇಲೆ ಕೂತಿದ್ದು ಹರಿಯುವ ನೀರಲ್ಲಿ ಉಜ್ಜಿ ತೊಳೆದರೆ ಒಂದು ಮಟ್ಟಕ್ಕೆ ಹೋಗುತ್ತೆ. ಅರಿಶಿನದಿಂದ ಏನೂ ಆಗಲ್ಲ, ಉಪ್ಪುನೀರು ಹೂಕೋಸಿನ ಹುಳ ಬಿಡಿಸೋಕೆ ಒಳ್ಳೆಯದು. ಆದರೆ ಇಮಿಡಾಕ್ಲೋಪ್ರಿಡ್ ಥರದ ಕೀಟನಾಶಕವನ್ನು ಗಿಡವೇ ಹೀರಿಕೊಂಡು ಒಳಗೆಲ್ಲ ಸಾಗಿಸಿಬಿಡುತ್ತೆ, ಅದು ಯಾವ ನೀರಿಗೂ ಜಗ್ಗಲ್ಲ. 2017ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದವರು ಸೇಬಿನ ಮೇಲೆ ಎರಡು ಔಷಧಿ ಹಚ್ಚಿ ನೋಡಿದರು. ಲೀಟರಿಗೆ 10 ಗ್ರಾಂ ಅಡುಗೆ ಸೋಡಾ ಹಾಕಿದ ನೀರಲ್ಲಿ 12ರಿಂದ 15 ನಿಮಿಷ ಇಟ್ಟಾಗ ಒಂದು ಶೇ. 96ರಷ್ಟು ಹೋಯಿತು, ಇನ್ನೊಂದು ಶೇ. 80ರಷ್ಟೇ, ಯಾಕೆಂದರೆ ಉಳಿದದ್ದು ಸಿಪ್ಪೆಯೊಳಗೆ ಇಳಿದಿತ್ತು. ಅದು ಸೇಬು. ದಂಟಿನ ಸೊಪ್ಪಿಗೂ ಇದೇ ಲೆಕ್ಕ ಅಂತ ನಾನು ಹೇಳಲ್ಲ.

ಔಷಧಿಯಲ್ಲಿ ಮೂರನೇ ಬಗೆ ಡಿಡಿಟಿ ಅನ್ನುವ ಹಳೇ ಕೀಟನಾಶಕದ ಜಾತಿ. ಇದಕ್ಕೆ ನೀರು ಕಂಡರೆ ಆಗಲ್ಲ, ಕೊಬ್ಬು ಕಂಡರೆ ಇಷ್ಟ. ಹಾಗಾಗಿ ಸೊಪ್ಪಿಗಿಂತ ಹಾಲು, ತುಪ್ಪ, ಮೀನು, ಮಾಂಸದಲ್ಲಿ ಸಿಗುವುದೇ ಜಾಸ್ತಿ, ತೊಳೆಯುವ ಮಾತೇ ಇಲ್ಲ. ನಮ್ಮಲ್ಲಿ ಬೇಸಾಯಕ್ಕೆ ಡಿಡಿಟಿ 1989ರಲ್ಲೇ ನಿಂತಿತು, ಸೊಳ್ಳೆಯಂಥ ರೋಗ ಹರಡುವ ಕೀಟಗಳಿಗೆ ಮಾತ್ರ ಉಳಿಯಿತು. ಆದರೂ ಸಿಗುತ್ತೆ. ಮಣ್ಣಲ್ಲಿ ವರ್ಷಗಟ್ಟಲೆ ಇದ್ದು ನಿಧಾನಕ್ಕೆ ಡಿಡಿಇ ಅಂತ ಇನ್ನೊಂದಾಗುತ್ತೆ. ಸ್ಯಾಂಪಲಿನಲ್ಲಿ ಡಿಡಿಇ ಜಾಸ್ತಿ, ಡಿಡಿಟಿ ಕಮ್ಮಿ ಇದ್ದರೆ ಹಳೇ ಪಾಪ. ತಿರುಗುಮುರುಗಾಗಿದ್ದರೆ ಯಾರೋ ಇತ್ತೀಚೆಗೆ ಹೊಡೆದಿರಬೇಕು ಅಂತ ನಮಗೆ ಅನುಮಾನ ಬರುತ್ತೆ.

ಬೀದಿ ಕೊನೆಯಲ್ಲಿ ಬೆಳಗಿನ ಜಾವ ಕಸಕ್ಕೆ ಬೆಂಕಿ ಇಡುತ್ತಾರಲ್ಲ, ನಿಜಕ್ಕೂ ಅದಕ್ಕೆ ಜಗಳ ಆಡಿ. ಪಿವಿಸಿ ಪ್ಲಾಸ್ಟಿಕ್ ಸೇರಿದ ಕಸ ಹೀಗೆ ಅರೆಬರೆ ಉರಿದರೆ ಡಯಾಕ್ಸಿನ್ ಅನ್ನುವ, ಡಿಡಿಟಿಯಂತೆಯೇ ಕೊಬ್ಬಿಗೆ ಸೇರುವ ವಿಷ ಹುಟ್ಟುತ್ತೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಮನುಷ್ಯರ ಮೈಗೆ ಸೇರುವ ಡಯಾಕ್ಸಿನ್‌ನಲ್ಲಿ ಶೇ. 90ಕ್ಕೂ ಹೆಚ್ಚು ಊಟದಿಂದಲೇ ಬರುವುದು. ಹೊಗೆ ಹುಲ್ಲಿನ ಮೇಲೆ ಕೂರುತ್ತೆ, ಹಸು ತಿನ್ನುತ್ತೆ, ಹಾಲಿನ ಕೊಬ್ಬಿಗೆ ಬರುತ್ತೆ.

ತಿಂಡಿಪೋತ:
ಎಲ್ಲ ಸರಿ ಮೇಡಂ, ಆದರೆ ‘ಇಂಥಾ ತರಕಾರಿಯಲ್ಲಿ ವಿಷ ಪತ್ತೆ’ ಅಂತ ಬರುವ ಸುದ್ದಿ ನಂಬಬೇಕಾ ಬೇಡ್ವಾ? ನಿಮ್ಮ ಯಂತ್ರಕ್ಕೆ ಹುಡುಕಿದರೆ ಎಲ್ಲದರಲ್ಲೂ ಏನೋ ಒಂದು ಸಿಗುತ್ತೆ, ಅಲ್ವಾ?

ಪೀಕ್_ನೋಡುವವಳು:
ಹೌದು, ಸಿಗುತ್ತೆ. ಅದಕ್ಕೇ ‘ಎಷ್ಟು’ ಅಂತ ಕೇಳಬೇಕು. ಯಾವುದಾದರೂ ಔಷಧಿಗೆ ಪ್ರತ್ಯೇಕ ಮಿತಿ ಇಲ್ಲದಿದ್ದರೆ ಸಾಮಾನ್ಯವಾಗಿ ಹಿಡಿಯುವ ಗಡಿ ಕೆಜಿಗೆ 0.01 ಮಿಲಿಗ್ರಾಂ. ಅಂದರೆ ನೂರು ಟನ್ ಟೊಮೇಟೊದಲ್ಲಿ ಒಂದು ಗ್ರಾಂ. ಇನ್ನೊಂದು ವಿಷಯ, ಮಿತಿ ದಾಟಿದ ತಕ್ಷಣ ಅದು ವಿಷ ಅಂತಲ್ಲ. ಹೇಳಿದ ರೀತಿಯಲ್ಲಿ ಹೊಡೆದಿದ್ದರೆ ಇಷ್ಟಕ್ಕಿಂತ ಜಾಸ್ತಿ ಉಳಿಯಬಾರದಿತ್ತು ಅನ್ನುವುದರ ಮೇಲೆ ಆ ಮಿತಿ ಇಟ್ಟಿರುತ್ತಾರೆ. ಸುದ್ದಿಯವರಿಗೆ ಇದು ಬೇಡ.

ನಮಗೆ ತಲೆನೋವು ಇರುವುದು ಬೇರೆ ಕಡೆ. ತರಕಾರಿಯಿಂದ ಔಷಧಿ ಬೇರ್ಪಡಿಸೋಕೆ 2003ರಲ್ಲಿ ಬಂದ ಕ್ವೆಚರ್ಸ್ ಅನ್ನುವ ವಿಧಾನದಿಂದ ಕೆಲಸ ಬಹಳ ಸಲೀಸಾಯಿತು. ತರಕಾರಿ ರುಬ್ಬಿ, ಒಂದಿಷ್ಟು ಗ್ರಾಂ ತೂಗಿ, ಅಸಿಟೊನೈಟ್ರೈಲ್ ಅನ್ನುವ ದ್ರಾವಕ ಹಾಕಿ ಅಲ್ಲಾಡಿಸಿ, ಮೆಗ್ನೀಷಿಯಂ ಸಲ್ಫೇಟು ಮತ್ತು ಉಪ್ಪು ಸೇರಿಸಿ ತಿರುಗಿಸಿದರೆ ನೀರು ಒಂದು ಕಡೆ, ಔಷಧಿ ಇರುವ ದ್ರಾವಣ ಒಂದು ಕಡೆ. ಸೌತೆಕಾಯಿಗೆ ಇಷ್ಟು ಸಾಕು, ಆರಾಮ. ಕರಿಬೇವು ತಂದುಕೊಡಿ, ಅಲ್ಲಿ ಗೋಳು ಶುರು. ಎಲೆಯ ಹಸಿರು, ಎಣ್ಣೆ, ವಾಸನೆಯ ಅಂಶ ಎಲ್ಲವೂ ಜೊತೆಗೇ ಬಂದು ಔಷಧಿ ಅಳೆಯುವ ಯಂತ್ರ ಮಾಸ್ ಸ್ಪೆಕ್ಟ್ರೋಮೀಟರಿಗೆ ಮಂಕು ಕವಿಸುತ್ತವೆ, ಇರುವ ಔಷಧಿ ಕಮ್ಮಿ ಕಾಣುತ್ತೆ. ಹಸಿರು ತೆಗೆಯೋಕೆ ಕಾರ್ಬನ್ ಪುಡಿ ಹಾಕಿದರೆ ಅದು ಕೆಲವು ಔಷಧಿಗಳನ್ನೂ ಹಿಡಿದುಕೊಂಡುಬಿಡುತ್ತೆ. ಹಾಗಾಗಿ ಏನೂ ಹೊಡೆಯದ ಕರಿಬೇವನ್ನೇ ತಂದು, ಅದರ ಸಾರದಲ್ಲಿ ಸ್ಟ್ಯಾಂಡರ್ಡ್, ಅಂದರೆ ಪ್ರಮಾಣ ಗೊತ್ತಿರುವ ಔಷಧಿ, ಕಲಸಿ ಹೋಲಿಸಬೇಕು. ಹಿತ್ತಲಲ್ಲಿ ಕರಿಬೇವಿನ ಗಿಡ ಇರುವ ಸಹೋದ್ಯೋಗಿಗೆ ಲ್ಯಾಬಿನಲ್ಲಿ ಭಾರೀ ಮರ್ಯಾದೆ!

ಯಂತ್ರದ ಗ್ರಾಫಿನಲ್ಲಿ ಒಂದೊಂದು ವಸ್ತುವಿಗೂ ಏಳುವ ಮೊನೆಗೆ ಪೀಕ್ ಅನ್ನುತ್ತೇವೆ. ಗೊತ್ತಿಲ್ಲದ ಪೀಕನ್ನು ತಳ್ಳಿಹಾಕದೇ ಇದ್ದದ್ದಕ್ಕೇ ಪಿಸಿಬಿ ಅನ್ನುವ ಕೈಗಾರಿಕೆಯ ರಾಸಾಯನಿಕ ಸಿಕ್ಕಿದ್ದು. ಸ್ವೀಡನ್ನಿನ ಕೆಮಿಸ್ಟ್ ಸೋರೆನ್ ಯೆನ್ಸೆನ್ ಡಿಡಿಟಿ ಹುಡುಕುತ್ತಿದ್ದಾಗ ಮೀನು, ಹದ್ದುಗಳಲ್ಲಿ ಲೆಕ್ಕಕ್ಕೆ ಸಿಗದ ಪೀಕುಗಳು ಬರುತ್ತಿದ್ದವು. ಮ್ಯೂಸಿಯಂನಲ್ಲಿದ್ದ 1940ರ ದಶಕದ ಹದ್ದಿನ ಗರಿಯಲ್ಲೂ ಅವೇ. ಹಾಗಾದರೆ ಇದು ಆಮೇಲೆ ಬಂದ ಕೀಟನಾಶಕ ಇರಲಾರದು ಅಂತ ಹಿಂದೆ ಬಿದ್ದರು. ಟ್ರಾನ್ಸ್‌ಫಾರ್ಮರ್ ಎಣ್ಣೆಯ ಪಿಸಿಬಿ ಅಂತ 1966ರಲ್ಲಿ ಹೊರಗೆ ಬಂತು. ಮನೆಯವರ ತಲೆಕೂದಲಲ್ಲೂ ಅದು ಸಿಕ್ಕಿತ್ತು. 2001ರಲ್ಲಿ ಸ್ಟಾಕ್‌ಹೋಮ್ ಒಪ್ಪಂದ ಆದಾಗ ಮೊದಲ 12 ರಾಸಾಯನಿಕಗಳಲ್ಲಿ ಪಿಸಿಬಿ, ಡಿಡಿಟಿ ಎರಡೂ ಇದ್ದವು.

ಚಾಕ್‌ಪೀಸ್:
ಕೆಮಿಸ್ಟ್ರಿ ಮೇಷ್ಟ್ರು ನಾನು, ತಡೆಯೋಕಾಗಲ್ಲ, ಒಂದು ಸೇರಿಸುತ್ತೇನೆ. ಎಲ್ಲರೂ ಹೊಲದ ಔಷಧಿಯನ್ನೇ ಬೈಯುತ್ತೀರಿ, ಬಾಣಲೆಯ ಕಡೆ ಯಾರೂ ನೋಡಲ್ಲ. 1997ರಲ್ಲಿ ಸ್ವೀಡನ್ನಿನ ಹಾಲಾಂಡ್ಸೋಸ್ ಅನ್ನುವ ಕಡೆ ರೈಲು ಸುರಂಗ ತೋಡುವಾಗ ಬಿರುಕು ಮುಚ್ಚಲು ಬಳಸಿದ ಅಕ್ರಿಲಮೈಡ್ ಅನ್ನುವ ವಿಷಕಾರಿ ರಾಸಾಯನಿಕ ನೀರಿಗೆ ಸೇರಿ ಮೀನು ಸತ್ತವು, ಹಸುಗಳಿಗೆ ಲಕ್ವ ಹೊಡೆಯಿತು. ಕೆಲಸಗಾರರ ರಕ್ತ ಪರೀಕ್ಷೆ ಮಾಡಿದರು. ಹೋಲಿಕೆಗೆ ಅಂತ ಸುರಂಗದ ಹತ್ತಿರವೂ ಸುಳಿಯದವರ ರಕ್ತ ತೆಗೆದುಕೊಂಡರೆ ಅವರಲ್ಲೂ ಅದರ ಗುರುತು ಇದೆ! ಎಲ್ಲಿಂದ ಬಂತು ಅಂತ ಮಾರ್ಗರೆಟಾ ಟೋರ್ನ್‌ಕ್ವಿಸ್ಟ್ ತಂಡ ಹುಡುಕುತ್ತಾ ಹೋಗಿ, 2002ರಲ್ಲಿ ಆಲೂಗಡ್ಡೆ ಚಿಪ್ಸ್, ಹುರಿದ ಕರಿದ ತಿಂಡಿಗಳಲ್ಲಿದೆ ಅಂತ ಹೇಳಿತು. ಆಸ್ಪರಜಿನ್ ಅನ್ನುವ ಅಮೈನೊ ಆಮ್ಲಕ್ಕೂ ಸಕ್ಕರೆಗೂ 120 ಡಿಗ್ರಿ ಮೇಲೆ ಜೋಡಿ ಬಿದ್ದರೆ ಇದು ಆಗುತ್ತೆ, ಅಂದರೆ ಯಾರೂ ಹೊಡೆಯದೆ ತಾನೇ ಆಗುತ್ತೆ. ಫ್ರಿಜ್ಜಿನಲ್ಲಿಟ್ಟ ಆಲೂಗಡ್ಡೆಯಲ್ಲಿ ಸಕ್ಕರೆ ಏರುತ್ತೆ, ಕರಿದರೆ ಇನ್ನೂ ಜಾಸ್ತಿ. ಫಿಲ್ಟರ್ ಕಾಫಿಯವರಿಗೂ ಒಂದು ಮಾತು: ಯುರೋಪಿನ 2017ರ ನಿಯಮದಲ್ಲಿ ಹುರಿದ ಕಾಫಿಗೆ ಮಾನದಂಡ ಕೆಜಿಗೆ 400 ಮೈಕ್ರೋಗ್ರಾಂ, ಬರೀ ಚಿಕೋರಿಯ ಪುಡಿಗೆ 4000. ಲೋಟದಲ್ಲಿ ಅದು ಎಷ್ಟೋ ತೆಳುವಾಗುತ್ತೆ, ನಾನಂತೂ ಬಿಟ್ಟಿಲ್ಲ.

ತಿಂಡಿಪೋತ:
ಮೇಷ್ಟ್ರೇ, ಬಜ್ಜಿಗೂ ಕೈ ಹಾಕಿಬಿಟ್ರಾ.

ದೊಡ್ಡಬಳ್ಳಾಪುರದವ:
ಬೆಳೆಯುವವನ ಕಡೆಯಿಂದ ಒಂದು ಮಾತು. ಪ್ರತಿ ಔಷಧಿ ಡಬ್ಬಿ ಮೇಲೆ, ಹೊಡೆದು ಇಷ್ಟು ದಿನ ಬಿಟ್ಟು ಕೊಯ್ಯಿ ಅಂತ ಬರೆದಿರುತ್ತೆ. ಅಷ್ಟು ದಿನ ಕಾದರೆ ಬಿಸಿಲಿಗೆ, ಗಿಡದ ಬೆಳವಣಿಗೆಗೆ ತುಂಬಾ ಕಮ್ಮಿಯಾಗುತ್ತೆ, ನೀವು ಅಡುಗೆಮನೆಯಲ್ಲಿ ಒದ್ದಾಡುವುದಕ್ಕಿಂತ ಜಾಸ್ತಿ ಕೆಲಸ ಅಲ್ಲೇ ಆಗುತ್ತೆ. ಯಾಕೆ ಕಾಯಲ್ಲ ಅಂದರೆ, ಇವತ್ತು ರೇಟಿದ್ದರೆ ನಾಳೆ ಇರಲ್ಲ. ಟೊಮೇಟೊ, ಬೀನ್ಸ್ ದಿನ ಬಿಟ್ಟು ದಿನ ಕೊಯ್ಯುವ ಬೆಳೆ. ಹುಳ ಬಿದ್ದಾಗ ಹೊಡೆಯಲೇಬೇಕು, ಕೊಯ್ಲು ನಿಲ್ಲಿಸಿದರೆ ಹಣ್ಣಾಗಿ ಉದುರುತ್ತೆ. ಜೊತೆಗೆ ಅಂಗಡಿಯವನು ಒಂದಕ್ಕೆ ಎರಡು ಕೊಟ್ಟು, ಎರಡೂ ಕಲಸಿ ಹೊಡಿ ಅನ್ನುತ್ತಾನೆ. ಹುಳ ಬಿದ್ದ ಹೂಕೋಸನ್ನು ನೀವು ಪಕ್ಕಕ್ಕಿಡುತ್ತೀರಿ, ಅದೂ ನಮಗೆ ಗೊತ್ತು. ಜಯನಗರದವರೇ, ಸೊಪ್ಪಿನವನನ್ನು ಕೇಳುವುದಾದರೆ ಸಾವಯವನಾ ಅಂತ ಕೇಳಬೇಡಿ, ಎಲ್ಲರೂ ಹೌದು ಅನ್ನುತ್ತಾರೆ. ಕೊಯ್ಯುವ ಮುಂಚೆ ಕೊನೇ ಸಲ ಯಾವಾಗ ಹೊಡೆದಿದ್ದು ಅಂತ ಕೇಳಿ. ತಾನೇ ಬೆಳೆದವನಾದರೆ ತಡವರಿಸದೆ ದಿನ ಹೇಳುತ್ತಾನೆ.