ಅರಮಿಡ್ ಹಗ್ಗ, ನ್ಯಾನೋಟ್ಯೂಬ್ ನಾರು: ತೋಟದವರ ಪ್ರಶ್ನೋತ್ತರ

ಅಡ್ಮಿನ್: ನಾರು ತಯಾರಿಕೆಯಲ್ಲಿ ಕೆಲಸ ಮಾಡುವ ಎಂಜಿನಿಯರ್ ಮೇಡಂ ನಮ್ಮ ಗುಂಪಿನಲ್ಲೇ ಇದ್ದಾರೆ. ಮರಗಸಿ (ನೆರಳು ಮರದ ಕೊಂಬೆ ಸವರೋದು), ಮೆಣಸು ಕೊಯ್ಲಿನ ಹಗ್ಗ, ಬಟ್ಟೆ ಬಗ್ಗೆ ನಿಮ್ಮ ಊರಿನ ಹೆಸರು ಹಾಕಿ ಕೇಳಿ.

ಸಿದ್ದಾಪುರ: ಮೇಡಂ, ಕಾರ್ಬನ್ ನ್ಯಾನೋಟ್ಯೂಬ್ ಸೇರಿಸಿದ ಅರಮಿಡ್ ಅಂತ ಓದಿದೆ. ಕೆವ್ಲರ್‌ಗಿಂತ ಹೇಗೆ ಬೇರೆ?

ಎಂಜಿನಿಯರ್: ಅರಮಿಡ್ ಅಂದರೆ ತುಂಬಾ ಗಟ್ಟಿಯಾದ ಕೃತಕ ನಾರಿನ ಒಂದು ಜಾತಿ, ಕೆವ್ಲರ್ ಕೂಡ ಅರಮಿಡ್ಡೇ. 1965ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ಸ್ಟೆಫನಿ ಕ್ವಾಲೆಕ್ ಕಂಡುಹಿಡಿದದ್ದು. ಅದರ ಅಣುಗಳು ಬಾಗದ ಕಡ್ಡಿಗಳ ಹಾಗೆ ನಾರಿನುದ್ದಕ್ಕೂ ಸಾಲಾಗಿರುತ್ತವೆ. ಉದ್ದಕ್ಕೆ ಭಾರಿ ಗಟ್ಟಿ, ಆದರೆ ಅಕ್ಕಪಕ್ಕದ ಹಿಡಿತ ಕಮ್ಮಿ, ಎಳೆತ ಜಾಸ್ತಿಯಾದರೆ ಜಾರುತ್ತವೆ. ನ್ಯಾನೋಟ್ಯೂಬ್ ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಾರ್ಬನ್ ಕೊಳವೆ. ನೂಲುವ ಮೊದಲೇ ಅರಮಿಡ್ ಕರಗಿಸಿದ ದ್ರಾವಣಕ್ಕೆ ಅದನ್ನು ಸ್ವಲ್ಪ ಸೇರಿಸಿದರೆ ಜಾರುವುದು ತಗ್ಗುತ್ತೆ. ಕಷ್ಟ ಇರೋದು ಟ್ಯೂಬ್‌ಗಳನ್ನು ಬಿಡಿಸೋದರಲ್ಲಿ. ಅವು ಒಂದಕ್ಕೊಂದು ಅಂಟಿಕೊಂಡು ಗಂಟಾಗುತ್ತವೆ, ನಾರು ಆ ಗಂಟಿನ ಜಾಗದಲ್ಲೇ ತುಂಡಾಗುತ್ತೆ. ಸರಿಯಾಗಿ ಹರಡಿದರೆ ಗಟ್ಟಿತನದ ಜೊತೆ ಕರೆಂಟೂ ಹರಿಯುತ್ತೆ. ಹಾಗಾಗಿ ಅದೇ ನಾರಿನಿಂದ ಎಳೆತ ಅಳೆಯಬಹುದು, ಬಟ್ಟೆ ಬೆಚ್ಚಗಿಡಬಹುದು.

ಗೋಣಿಕೊಪ್ಪ: ರೇಟ್ ಎಷ್ಟು ಮೇಡಂ?

ಎಂಜಿನಿಯರ್: ಅಂಗಡಿ ಮಾಲಲ್ಲ. ಇನ್ನೂ ಹೆಚ್ಚಾಗಿ ಲ್ಯಾಬ್‌ನಲ್ಲೇ ಇದೆ.

ಮಾಲ್ದಾರೆ: ಆನೆ ಬೇಲಿಗೆ ಈ ನಾರು ಆಗುತ್ತಾ ಮೇಡಂ?

ಸುಂಟಿಕೊಪ್ಪ: ನಮ್ಮ ತೋಟದೊಳಗೆ 11 ಕೆವಿ ಕರೆಂಟ್ ಲೈನ್ ಹೋಗಿದೆ. ಪಕ್ಕದ ಸಿಲ್ವರ್ ಓಕ್‌ಗಳಲ್ಲಿ ಮೆಣಸು. ಆನ್‌ಲೈನಲ್ಲಿ ಕಪ್ಪು ಹಗ್ಗ ತರಿಸಿದೆ, 'ಕಾರ್ಬನ್ ಅರಮಿಡ್' ಅಂತ ಬರೆದಿದೆ. ಹಗ್ಗ ತಾನೇ, ಶಾಕ್ ಹೊಡೆಯಲ್ಲ ಅಂತ ಸೊಂಟಕ್ಕೆ ಕಟ್ಟಿಕೊಳ್ಳೋಕೆ ಹುಡುಗರಿಗೆ ಕೊಟ್ಟೆ. ನಾಳೆ ಕೊಯ್ಲು.

ಎಂಜಿನಿಯರ್: ಆ ಸಾಲಿನ ಕೊಯ್ಲು ನಿಲ್ಲಿಸಿ. ಈಗಲೇ ಫೋನ್ ಮಾಡಿ ಹೇಳಿ, ಆಮೇಲೆ ಮುಂದೆ ಓದಿ.

ಒಣಗಿದ, ಶುದ್ಧ ಅರಮಿಡ್‌ನಲ್ಲಿ ಕರೆಂಟ್ ಹರಿಯಲ್ಲ, ನಿಜ. ಆದರೆ ಅದು ಗಾಳಿಯ ತೇವ ಹೀರುತ್ತೆ. ಬೆಳಗಿನ ಮಂಜು, ಬೆವರು, ಮರದ ಪಾಚಿ ಹತ್ತಿದ ಹಗ್ಗವನ್ನು ಲೈನ್ ಹತ್ತಿರ ನಂಬೋ ಹಾಗಿಲ್ಲ. ಒಳಗೆ ಕಾರ್ಬನ್ ನಾರೋ ನ್ಯಾನೋಟ್ಯೂಬೋ ಇದ್ದರೆ ಒಣಗಿದ್ದರೂ ಕರೆಂಟ್ ಹರಿಯುತ್ತೆ. ಕಪ್ಪು ಬರೀ ಬಣ್ಣವೂ ಇರಬಹುದು, ಕಣ್ಣಲ್ಲಿ ನೋಡಿ ಹೇಳೋಕಾಗಲ್ಲ. ಮಲ್ಟಿಮೀಟರ್ ಇಟ್ಟು ನೋಡಿ ಧೈರ್ಯ ಮಾಡಬೇಡಿ, ಅದರ ಬ್ಯಾಟರಿ ಬೇರೆ, 11,000 ವೋಲ್ಟ್ ಬೇರೆ. ತಂತಿ ತಾಗಲೇಬೇಕು ಅಂತಲೂ ಇಲ್ಲ, ತೀರಾ ಹತ್ತಿರ ಹೋದರೆ ಕಿಡಿ ಹಾರುತ್ತೆ.

ಇನ್ನೊಂದು. ಅರಮಿಡ್ ಶೇಕಡಾ 3-4ರಷ್ಟು ಹಿಗ್ಗುವಷ್ಟರಲ್ಲಿ ತುಂಡಾಗುತ್ತೆ. ನೈಲಾನ್ ಹಿಗ್ಗಿ ಬೀಳುವವನ ಏಟು ತಗ್ಗಿಸುತ್ತೆ, ಇದು ತಗ್ಗಿಸಲ್ಲ, ಪೂರ್ತಿ ಏಟು ಸೊಂಟಕ್ಕೆ, ಬೆನ್ನುಮೂಳೆಗೆ. ಬರೀ ಹಗ್ಗ ಸೊಂಟಕ್ಕೆ ಕಟ್ಟೋದೇ ತಪ್ಪು. ಭುಜ, ತೊಡೆ ಸುತ್ತಿ ಹಿಡಿಯುವ ಪೂರ್ತಿ ಮೈಯ ಹಾರ್ನೆಸ್ ಕೊಡಿಸಿ. ಏಣಿ ಯಾವುದು?

ಸುಂಟಿಕೊಪ್ಪ: ಅಲ್ಯೂಮಿನಿಯಂ.

ಸೋಮವಾರಪೇಟೆ: ಅದಕ್ಕೇ ನಾನು ಬಿದಿರು ಅನ್ನೋದು. ಪ್ರತಿ ವರ್ಷ ಮೆಣಸಿನ ಕಾಲದಲ್ಲಿ ಈ ಏಣಿ ಲೈನಿಗೆ ತಾಗಿ ಸಾವಾಗುತ್ತೆ, ಆದರೂ ಬುದ್ಧಿ ಬರಲ್ಲ.

ವಿರಾಜಪೇಟೆ: ಅಣ್ಣ, ಬಿದಿರು ಏಣಿ ಹೊರೋಕೆ ಆಳು ನೀವು ಕೊಡ್ತೀರಾ? ಗಣ್ಣು ಹುಳ ತಿಂದು ಮುರಿದು ಬಿದ್ದವರೂ ಇದ್ದಾರೆ.

ಸೋಮವಾರಪೇಟೆ: ಹೊಸ ಏಣಿಗೆ ದುಡ್ಡು ಬಿಚ್ಚಬೇಕು. ಮಾಲೀಕರು ಒಂದು ಸಲ ಹತ್ತಿ ನೋಡಲಿ.

ವಿರಾಜಪೇಟೆ: ಮಾತು ಸರಿ ಇರಲಿ.

ಎಂಜಿನಿಯರ್: ಹಸಿ ಬಿದಿರಿನಲ್ಲೂ ಕರೆಂಟ್ ಹರಿಯುತ್ತೆ. ಲೈನ್ ಪಕ್ಕ ಯಾವ ಏಣಿಯೂ ಬೇಡ. ವಿದ್ಯುತ್ ಕಚೇರಿಗೆ ತಿಳಿಸಿ, ಅವರು ಬಂದು ಲೈನ್ ಆಫ್ ಮಾಡಿ ಅರ್ತ್ ಮಾಡಿದ ಮೇಲಷ್ಟೇ ಮರ ಹತ್ತಿ.

ಮೂರ್ನಾಡು: ಫಾರ್ವರ್ಡ್ ಬಂದಿದೆ: 'ಹಳೇ ಹಗ್ಗವನ್ನು ಬ್ಲೀಚಿಂಗ್ ಪೌಡರಿನಲ್ಲಿ ತೊಳೆದು, ದೀಪದ ಮಸಿಯನ್ನು ಡೀಸೆಲ್‌ನಲ್ಲಿ ಕಲಸಿ ಹಚ್ಚಿ. ನ್ಯಾನೋ ಕಾರ್ಬನ್ ಇಳಿದು ಹತ್ತು ಪಟ್ಟು ಗಟ್ಟಿ.' ಮಾಡಬಹುದಾ?

ಎಂಜಿನಿಯರ್: ಬೇಡ. ಬ್ಲೀಚ್ ಅರಮಿಡ್‌ನ ಅಣುವನ್ನೇ ಕಡಿಯುತ್ತೆ. ಕೆವ್ಲರ್ ಕರಗೋದು ಹೆಚ್ಚುಕಮ್ಮಿ ನೀರೇ ಇಲ್ಲದ ಗಂಧಕಾಮ್ಲದಲ್ಲಿ. ಅಂಥ ದ್ರಾವಣ ಸಣ್ಣ ತೂತುಗಳಿಂದ ಎಳೆದುಕೊಂಡು ಬರುವಾಗ ಅಣು, ಟ್ಯೂಬ್ ಎರಡೂ ಸಾಲಾಗಬೇಕು. ಡೀಸೆಲ್ ಮಸಿ ಹಗ್ಗದ ಒಳಗೆ ಸಾಲಾಗಲ್ಲ, ಮೇಲೆ ಕೂರುತ್ತೆ. ಸವೆದ ಎಳೆ ಅದರಡಿ ಮುಚ್ಚಿಹೋಗುತ್ತೆ, ಹತ್ತುವವನಿಗೆ ಕಾಣಲ್ಲ. ದಯವಿಟ್ಟು ಇದನ್ನು ಬೇರೆ ಗುಂಪಿಗೆ ಕಳಿಸಬೇಡಿ.

ಕುಶಾಲನಗರ: ನಮ್ಮ ಮಾವ ಹಚ್ಚಿದ್ದಾರೆ, ಏನೂ ಆಗಿಲ್ಲ.

ಎಂಜಿನಿಯರ್: ಆ ಹಗ್ಗದಲ್ಲಿ ಇನ್ನು ಯಾರನ್ನೂ ಹತ್ತಿಸಬೇಡಿ.

ನಾಪೋಕ್ಲು: ಚೈನ್‌ಸಾ ಪ್ಯಾಂಟ್ ಒಂದು ಸಲ ಕುಯ್ದಿದೆ. ಹೊಲಿಸಿ ಹಾಕಬಹುದಾ?

ಎಂಜಿನಿಯರ್: ಇಲ್ಲ. ಒಳಗಿನ ಉದ್ದ ಎಳೆಗಳು ಚೈನಿಗೆ ಸುತ್ತಿ ಗರಗಸ ನಿಲ್ಲಿಸಬೇಕು. ಆ ಎಳೆ ಕಿತ್ತುಬಂದಿದೆ. ಹೊಸದು ತನ್ನಿ.

ಪೊನ್ನಂಪೇಟೆ: ಈ ನಾರಿನ ರೇಟ್?

ಎಂಜಿನಿಯರ್: ಮೇಲೆ ಓದಿ.

ಮಾಲ್ದಾರೆ: ಆನೆ ಬೇಲಿ ಬಗ್ಗೆ ಕೇಳಿದ್ದೆ.

ಸುಂಟಿಕೊಪ್ಪ: ಮೇಡಂ, ಲೈನ್ ಆಫ್ ಆಗೋವರೆಗೆ ಆ ಸಾಲು ಬಿಟ್ಟು ಕೆಳಗಿನ ತೋಟ ಕೊಯ್ಯೋಕೆ ಹೇಳಿದ್ದೀನಿ. ಹಗ್ಗ ಗೋಡೌನಿನಲ್ಲಿಟ್ಟೆ.

ಎಂಜಿನಿಯರ್: ಗೋಡೌನಿನಲ್ಲಿದ್ದರೆ ಯಾರೋ ಮತ್ತೆ ತೆಗೀತಾರೆ. ತುಂಡು ತುಂಡು ಮಾಡಿ ಬಿಸಾಕಿ.