ಅಡುಗೆಮನೆಯ ಮೇಲಿನ ಕಪಾಟು ತೆಗೆಸಿ ಬರೀ ಹಲಗೆ ಹಾಕಿಸಬಹುದಾ?

ಸುಮಾ_ರಾಜಾಜಿನಗರ: ನಮ್ಮದು ಹಳೇ ಅಪಾರ್ಟ್‌ಮೆಂಟ್. ಅಡುಗೆಮನೆ ಅಗಲ ಬರೀ ಏಳು ಅಡಿ. ಒಲೆ ಇರುವ ಗೋಡೆಗೂ ಸಿಂಕ್ ಇರುವ ಗೋಡೆಗೂ ಮೇಲೆ ಕಪಾಟುಗಳಿವೆ. ಸಿಂಕ್ ಕಡೆಯವು ತೇವಕ್ಕೆ ಉಬ್ಬಿಕೊಂಡು ಬಾಗಿಲು ಕೂರುತ್ತಿಲ್ಲ. ಹೇಗೂ ಖರ್ಚು ಮಾಡಲೇಬೇಕು. ಎರಡೂ ಕಡೆ ಕಪಾಟು ತೆಗೆಸಿ ಓಪನ್ ಶೆಲ್ಫ್ ಹಾಕಿಸೋಣ ಅಂತ ನನ್ನ ಆಸೆ. ಜಾಗ ಸ್ವಲ್ಪ ಬಿಡುವಾಗಿ ಕಾಣುತ್ತದೆ. ಅತ್ತೆ ಮಾತ್ರ ಬೇಡವೇ ಬೇಡ, ಒರೆಸುವವರು ಯಾರು ಅಂತಾರೆ. ಮಾಡಿಸಿದವರು ಇದ್ದರೆ ಹೇಳಿ.

ಒಗ್ಗರಣೆ_ರಾಯ: ನನ್ನ ವೋಟು ನಿಮ್ಮ ಅತ್ತೆಗೆ. ಓಪನ್ ಶೆಲ್ಫ್ ತೋರಿಸುವ ಚಂದದ ಫೋಟೋಗಳಲ್ಲಿ ಎಲ್ಲಾದರೂ ಒಂದು ಎಣ್ಣೆ ಕ್ಯಾನು ಕಾಣುತ್ತದಾ ನೋಡಿ. ನಮ್ಮ ಮನೆಗಳಲ್ಲಿ ದಿನಾ ಸಾಸಿವೆ ಸಿಡಿಯಲೇಬೇಕು. ಕಾದ ಎಣ್ಣೆಯ ಸಣ್ಣ ಹನಿಗಳು ಹಬೆಯ ಜೊತೆ ಮೇಲೆದ್ದು ಸಿಕ್ಕಿದ್ದರ ಮೇಲೆ ಕೂರುತ್ತವೆ, ಅದರ ಮೇಲೆ ರಸ್ತೆ ಧೂಳು. ಸ್ವಲ್ಪ ದಿನ ಬಿಟ್ಟರೆ ಜಿಡ್ಡು ಗಟ್ಟಿಯಾಗುತ್ತದೆ, ಬರೀ ಬಟ್ಟೆಯಲ್ಲಿ ಒರೆಸಿದರೆ ಬರುವುದಿಲ್ಲ. ಬಿಸಿನೀರು, ಅಡುಗೆ ಸೋಡಾ, ರಟ್ಟೆಯ ಬಲ ಎಲ್ಲ ಬೇಕು. ಚಿಮಣಿ ಇದ್ದರೂ ಪೂರ್ತಿ ಎಳೆಯುವುದಿಲ್ಲ.

ಕುಡ್ಲದ_ಮಳೆ: ರಾಯರೇ, ನಮ್ಮ ಕಡೆ ಕಷ್ಟವೇ ಬೇರೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮುಚ್ಚಿದ ಕಪಾಟು ತೆಗೆದರೆ ಮುಗ್ಗಲು ವಾಸನೆ. ಲಟ್ಟಣಿಗೆ, ಮರದ ಸೌಟು ಎಲ್ಲದಕ್ಕೂ ಬೂಷ್ಟು. ಗಾಳಿ ಆಡಿದರೆ ಎಷ್ಟೋ ವಾಸಿ. ನಾವು ಸಿಂಕ್ ಮೇಲಿನ ಕಪಾಟು ತೆಗೆಸಿ ಸ್ಟೀಲ್ ಸ್ಟ್ಯಾಂಡ್ ಹಾಕಿಸಿದ್ದೇವೆ. ತೊಳೆದದ್ದು ನೇರ ಅಲ್ಲಿಗೆ, ನೀರು ಸೋರಿ ಸಿಂಕ್‌ಗೆ. ಜಿರಳೆಗೆ ಕತ್ತಲೆ ಮೂಲೆಯೂ ಒಂದು ಕಡಿಮೆ ಆಯಿತು.

ಒಗ್ಗರಣೆ_ರಾಯ: ಜಿರಳೆ ಬಿಡಿ, ಹಲ್ಲಿಗೆ ಏನು ಮಾಡ್ತೀರಿ?

ಕುಡ್ಲದ_ಮಳೆ: ಲೋಟ, ಬಟ್ಟಲು ಎಲ್ಲ ಕವುಚಿ ಇಡುವುದು, ತಟ್ಟೆ ನಿಲ್ಲಿಸಿ ಇಡುವುದು. ಊಟಕ್ಕೆ ಮುಂಚೆ ಒಮ್ಮೆ ತೊಳೆದು ಬಡಿಸುವುದು. ನಿಮ್ಮಲ್ಲಿ ಹಾಗೆ ಮಾಡುವುದಿಲ್ವಾ?

ಹಳೇಮನೆ_ಮೇಷ್ಟ್ರು: ನಮ್ಮ ಮೈಸೂರಿನ ಹಳೇ ಮನೆಯಲ್ಲಿ ಗೋಡೆ ಕಟ್ಟುವಾಗಲೇ ಕಡಪ ಕಲ್ಲಿನ ಚಪ್ಪಡಿ ಸೇರಿಸಿ ಗೂಡು ಮಾಡಿದ್ದರು. ಬಾಗಿಲು ಇರಲಿಲ್ಲ. ಅಮ್ಮ ಅದರ ಮೇಲೆ ಪೇಪರ್ ಹಾಸಿ ಡಬ್ಬಿ ಜೋಡಿಸುತ್ತಿದ್ದರು, ಪೇಪರ್ ಜಿಡ್ಡಾದರೆ ಬೇರೆ. ಎಲ್ಲಾ ಡಬ್ಬಿಗೂ ಬಿಗಿ ಮುಚ್ಚಳ ಇರುತ್ತಿತ್ತು. ಈಗ ನಮ್ಮ ಸೊಸೆಯ ಕಪಾಟಿನ ಬಾಗಿಲು ತೆಗೆದು ನೋಡಿದರೆ ರಬ್ಬರ್ ಬ್ಯಾಂಡ್ ಹಾಕಿದ ಅವಲಕ್ಕಿ ಪ್ಯಾಕೆಟ್, ಅರ್ಧ ಉಳಿದ ಶ್ಯಾವಿಗೆ, ಮೂರು ಥರದ ಸಾಸ್, ಹೋಟೆಲ್ ಪಾರ್ಸೆಲ್‌ನ ಪ್ಲಾಸ್ಟಿಕ್ ಡಬ್ಬಗಳು. ಇವನ್ನೆಲ್ಲ ಹಲಗೆ ಮೇಲೆ ಇಟ್ಟರೆ ಕಿರಾಣಿ ಅಂಗಡಿ ಥರ ಕಾಣುತ್ತದೆ ಅಷ್ಟೇ. ಸುಮಾ, ಮೊದಲು ನಿಮ್ಮ ಕಪಾಟು ಖಾಲಿ ಮಾಡಿ ನೋಡಮ್ಮ. ಏನು ಉಳಿಯುತ್ತದೆ ಅಂತ ನೋಡಿ ಆಮೇಲೆ ಕಾರ್ಪೆಂಟರ್‌ನ ಕರೆಸು.

ಬಾಡಿಗೆಮನೆ_ಬಾಬು: ಬಾಡಿಗೆಯವರು ಈ ಆಸೆಯೇ ಇಟ್ಟುಕೊಳ್ಳಬೇಡಿ. ಒಂದೊಂದು ತೂತಿಗೂ ಅಡ್ವಾನ್ಸ್‌ನಲ್ಲಿ ಹಿಡಿಯುತ್ತಾರೆ.

ಸೈಟ್_ಶಿವು: ಇಂಟೀರಿಯರ್ ಕೆಲಸ ನೋಡಿಕೊಳ್ಳುವವನು ನಾನು, ಯಾರೂ ಕೇಳದ ಒಂದು ಪ್ರಶ್ನೆ ಕೇಳುತ್ತೇನೆ. ಮೇಡಂ, ಕಪಾಟಿನ ಹಿಂದೆ ಟೈಲ್ಸ್ ಇದೆಯಾ? ಎಷ್ಟೋ ಫ್ಲ್ಯಾಟ್‌ಗಳಲ್ಲಿ ಕಟ್ಟೆಯಿಂದ ಎರಡು ಅಡಿ ಮಾತ್ರ ಟೈಲ್ಸ್ ಹಾಕಿ ನಿಲ್ಲಿಸಿರುತ್ತಾರೆ, ಮೇಲೆ ಬರೀ ಪ್ಲಾಸ್ಟರ್. ಕಪಾಟು ಇಳಿಸಿದರೆ ತೂತು ಬಿದ್ದ ಗೋಡೆ ಕಾಣುತ್ತದೆ. ಹಳೇ ಟೈಲ್ಸ್‌ಗೆ ಮ್ಯಾಚ್ ಆಗುವುದು ಈಗ ಅಂಗಡಿಯಲ್ಲಿ ಸಿಗುವುದು ಕಷ್ಟ. ಹಲಗೆ ಅಗ್ಗ ಅಂತ ಶುರು ಮಾಡಿದವರ ಖರ್ಚು ಅಲ್ಲೇ ಏರುವುದು.

ಇನ್ನು ಭಾರ. ಸ್ಟೀಲ್ ಡಬ್ಬಿ ತುಂಬ ಬೇಳೆ, ಮೇಲೆ ಕುಕ್ಕರ್, ಒಂದು ಹಲಗೆ ಎಷ್ಟು ಹೊರುತ್ತದೆ ಅಂತ ಯೋಚಿಸಿ. ಬ್ರಾಕೆಟ್‌ಗಳ ನಡುವೆ ಎರಡು ಅಡಿ ಮೀರಬಾರದು. 12 ಇಂಚು ಆಳ ಸಾಕು, ಊಟದ ತಟ್ಟೆ ಕೂರುತ್ತದೆ. ಪ್ಲೈ ಆದರೆ ಐಎಸ್ 710 ನಂಬರಿನದ್ದು, ಅಂದರೆ ನೀರು ತಡೆಯುವ ಮರೀನ್ ಪ್ಲೈ, ಅಂಚಿಗೂ ಬ್ಯಾಂಡ್ ಹಾಕಿಸಿ. ಮರದ ನಾರು, ಪುಡಿ ಒತ್ತಿ ಮಾಡಿದ ಎಂಡಿಎಫ್, ಪಾರ್ಟಿಕಲ್ ಬೋರ್ಡ್ ಸಿಂಕ್ ಹತ್ತಿರ ಸುತರಾಂ ಬೇಡ. ಈಗ ನಿಮ್ಮದು ಉಬ್ಬಿರುವುದೂ ಆ ಜಾತಿಯದ್ದೇ ಇರಬಹುದು.

ಪಾಕ_ಪುಷ್ಪ: ನಾನು ಓಪನ್ ಪಾರ್ಟಿ. ಆದರೆ ಒಲೆಯ ಮೇಲೆ ಹಲಗೆ ಹಾಕಬೇಡಿ. ಜಿಡ್ಡಿನ ಮಾತು ಹಾಗಿರಲಿ, ಉರಿಯುವ ಒಲೆ ದಾಟಿ ಕೈ ಚಾಚಿದರೆ ಸೆರಗಿಗೆ ಅಪಾಯ. ದಿನಾ ಬಳಸಿ ತೊಳೆಯುವ ತಟ್ಟೆ ಲೋಟಕ್ಕೆ ಜಿಡ್ಡು ಹಿಡಿಯಲು ಪುರುಸೊತ್ತೇ ಇರುವುದಿಲ್ಲ. ಹಿಡಿಯುವುದು ವರ್ಷಕ್ಕೊಮ್ಮೆ ಇಳಿಸುವ ಹೋಳಿಗೆ ತವಾಕ್ಕೆ, ಹಬ್ಬದ ಕೊಳದಪ್ಪಲೆಗೆ. ಅವು ಅಟ್ಟಕ್ಕೆ ಹೋಗಲಿ. ಮತ್ತೆ ಗಾಜಿನ ಜಾರಿನಲ್ಲಿ ಖಾರದ ಪುಡಿ, ಅರಿಶಿನ ತುಂಬಿ ಶೋಗೆ ಇಡುವವರಿದ್ದಾರಲ್ಲ, ಬೆಳಕಿಗೆ ಬಣ್ಣವೂ ಹೋಗುತ್ತದೆ, ಘಮವೂ ಹೋಗುತ್ತದೆ. ಬ್ಯಾಡಗಿ ಮೆಣಸಿನಕಾಯಿ ಪುಡಿಗೆ ಅಷ್ಟು ದುಡ್ಡು ಕೊಟ್ಟು ಬಣ್ಣ ಕಳೆಯುವುದು ಯಾಕೆ? ಕೆಳಗಿನ ಡ್ರಾಯರ್‌ನಲ್ಲಿಡಿ.

ಒಗ್ಗರಣೆ_ರಾಯ: ಅಂದರೆ ಒಲೆ ಮೇಲೆ ಬೇಡ, ಪುಡಿ ಬೇಡ, ಪ್ಯಾಕೆಟ್ ಬೇಡ, ಹಬ್ಬದ ಪಾತ್ರೆ ಬೇಡ. ಹಲಗೆ ಮೇಲೆ ಉಳಿದದ್ದು ನಾಲ್ಕು ತಟ್ಟೆ ನಾಲ್ಕು ಲೋಟ. ಅದಕ್ಕೆ ಸ್ಟೀಲ್ ಸ್ಟ್ಯಾಂಡ್ ಸಾಲದೇ?

ಪಾಕ_ಪುಷ್ಪ: ಸಾಲುತ್ತದೆ. ಎಲ್ಲರ ಮನೆಯಲ್ಲಿ ಇದ್ದ ಆ ಸ್ಟ್ಯಾಂಡೇ ಓಪನ್ ಶೆಲ್ಫ್ ಅಲ್ವಾ? ಅದನ್ನು ಯಾರೂ ಬೈಯಲಿಲ್ಲ.

ಸುಮಾ_ರಾಜಾಜಿನಗರ: ಶಿವು ಸರ್, ಟಾರ್ಚ್ ಹಾಕಿ ನೋಡಿದೆ. ನೀವಂದ ಹಾಗೇ ಹಿಂದೆ ಟೈಲ್ಸ್ ಇಲ್ಲ. ಅತ್ತೆ ಜೊತೆಗೂ ಮಾತಾಡಿದೆ. ಒಲೆ ಕಡೆಯ ಕಪಾಟು ಮುಟ್ಟದಿದ್ದರೆ ಸಿಂಕ್ ಕಡೆ ಏನಾದರೂ ಮಾಡಿಕೋ ಅಂದರು. ಅಲ್ಲಿ ಕೆಳಗೆ ಸ್ಟೀಲ್ ಸ್ಟ್ಯಾಂಡ್, ಮೇಲೆ ಒಂದೇ ಒಂದು ಉದ್ದ ಹಲಗೆ. ಟೈಲ್ಸ್ ಬದಲು ತೊಳೆಯಬಹುದಾದ ಪೇಂಟ್ ಸಾಕಾ? ಹಲಗೆಯ ಭಾರ ತಡೆಯಬೇಕಲ್ಲ, ನಮ್ಮ ಗೋಡೆ ಯಾವ ಥರದ್ದು ಅಂತ ತಿಳಿಯುವುದು ಹೇಗೆ?

ಸೈಟ್_ಶಿವು: ಸಿಂಕ್ ಹಿಂದೆ ನೀರು ಎರಚುವ ಎತ್ತರಕ್ಕೆ ಟೈಲ್ಸ್ ಇದ್ದೇ ಇದೆಯಲ್ಲ. ಮೇಲೆ ಪೇಂಟ್ ನಡೆಯುತ್ತದೆ, ಆದರೆ ಮೊದಲು ಆ ತೇವ ಎಲ್ಲಿಂದ ಬರುತ್ತಿದೆ ಅಂತ ನೋಡಿಸಿ. ಪಕ್ಕದ ಬಚ್ಚಲಿನಿಂದ ಬರುತ್ತಿದ್ದರೆ ಪೇಂಟ್ ಎದ್ದು ಬರುತ್ತದೆ. ಗೋಡೆಗೆ ಹಳೇ ತೂತಿನ ಪಕ್ಕ ಒಂದು ಸಣ್ಣ ತೂತು ಹೊಡೆಸಿ, ಪ್ಲಾಸ್ಟರ್ ದಾಟಿದ ಮೇಲೆ ಬರುವ ಪುಡಿ ನೋಡಿ. ಕೆಂಪು ಪುಡಿ ಬಂದರೆ ಇಟ್ಟಿಗೆ, ಬೂದು ಬಣ್ಣ ಬಂದು ಡ್ರಿಲ್ ತಿಣುಕಿದರೆ ಗಟ್ಟಿ ಬ್ಲಾಕ್. ಇವೆರಡಕ್ಕೂ ಚಿಂತೆ ಇಲ್ಲ. ಸೀಮೆಸುಣ್ಣದಂಥ ಬಿಳಿ ಪುಡಿ ಬಂದು ಡ್ರಿಲ್ ಸಲೀಸಾಗಿ ಹೋದರೆ ಎಎಸಿ ಬ್ಲಾಕ್, ಅಂದರೆ ಹಗುರ ಕಾಂಕ್ರೀಟ್ ಬ್ಲಾಕ್, ಅದಕ್ಕೆ ಬೇರೆ ಆಂಕರ್ (ಸ್ಕ್ರೂವನ್ನು ಗೋಡೆಯಲ್ಲಿ ಹಿಡಿದಿಡುವುದು) ಬರುತ್ತದೆ, ಸಾದಾ ಪ್ಲಗ್ ಹಾಕಿದರೆ ಭಾರಕ್ಕೆ ಕಿತ್ತುಕೊಂಡು ಬರುತ್ತದೆ. ಸ್ವಲ್ಪ ಹೋಗಿ ದಡಕ್ಕನೆ ಒಳಗೆ ನುಗ್ಗಿದರೆ ಒಳಗೆ ಟೊಳ್ಳಿರುವ ಹಾಲೋ ಬ್ಲಾಕ್, ಅದಕ್ಕೂ ಬೇರೆ ಆಂಕರ್. ನಲ್ಲಿಯ ನೇರಕ್ಕೆ, ಸ್ವಿಚ್‌ಬೋರ್ಡ್‌ನ ನೇರಕ್ಕೆ ಮಾತ್ರ ತೂತು ಹೊಡೆಸಬೇಡಿ, ಒಳಗೆ ಪೈಪು, ವೈರು ಇರುತ್ತವೆ. ಪುಡಿ ಯಾವ ಬಣ್ಣ ಅಂತ ಇಲ್ಲಿ ಹಾಕಿ, ಆಂಕರ್ ಸೈಜ್ ಹೇಳುತ್ತೇನೆ.