ಕೆಲಸ ಮುಗಿಸಿದ ಉಪಗ್ರಹ: ಇಳಸೂದೋ, ಏರಸೂದೋ?

ಪ್ರಶ್ನೆ (ವಿಜಯಪುರ)
ಸಾಲಿ ವಿಜ್ಞಾನ ಮೇಳಕ್ಕ ಒಂದು ಫಲಕ ಬರೀಬೇಕಾಗೇದ. ಹಳೇ ಉಪಗ್ರಹ ಸಮುದ್ರಕ್ಕ ಬೀಳ್ತಾವ ಅಂತ ಬರೀಬೇಕೋ, ಮ್ಯಾಲೇ ಉಳೀತಾವ ಅಂತ ಬರೀಬೇಕೋ? ಇನ್‌ಸ್ಯಾಟ್‌ನಂಥವನ್ನ ಕೆಳಗ ಯಾಕ ಇಳಸೂದಿಲ್ಲ?

ಉತ್ತರ 1 (ಬೆಳಗಾವಿ)
ಎರಡೂ ಖರೇ ರೀ, ಎಷ್ಟು ಎತ್ತರದಾಗ ಐತಿ ಅನ್ನೂದು ನೋಡಬೇಕು. ಇನ್‌ಸ್ಯಾಟ್ ಇರೂದು 35,786 ಕಿ.ಮೀ. ಮ್ಯಾಲೆ. ಅಲ್ಲಿಂದ ವಾತಾವರಣಕ್ಕ ಇಳಸಬೇಕಂದ್ರ ಸೆಕೆಂಡಿಗೆ ಸುಮಾರು 1,500 ಮೀಟರ್ ವೇಗ ಕಡಿಮಿ ಮಾಡಬೇಕು. ಇನ್ನೊಂದು 300 ಕಿ.ಮೀ. ಏರಸಾಕ ಸೆಕೆಂಡಿಗೆ ಬರೇ 11 ಮೀಟರ್ ವೇಗ ಹೆಚ್ಚು ಮಾಡಿದ್ರ ಸಾಕು. ಉಪಗ್ರಹಾನ ತನ್ನ ಜಾಗಾದಾಗ ಹಿಡದಿಡಾಕ ಮೂರು ತಿಂಗಳಿಗೆ ಹತ್ತೂ ಇಂಧನ, ಅಷ್ಟ. ಅದಕ್ಕ ಏರಿಸಿ 'ಸುಡುಗಾಡು ಕಕ್ಷೆ'ಗೆ ಬಿಡ್ತಾರ. ಇನ್‌ಸ್ಯಾಟ್-4ಬಿ ಉಪಗ್ರಹಾನ 2022ರ ಜನವರಿ 17ರಿಂದ 23ರ ತನಕ 11 ಹಂತದಾಗ ಸುಮಾರು 340 ಕಿ.ಮೀ. ಮ್ಯಾಲೆ ಕಳಿಸಿದ್ರು.

ಆ ಮೂರು ತಿಂಗಳಿನ ಇಂಧನ ಉಳದೈತೋ ಇಲ್ಲೋ ಅನ್ನೂದ ದೊಡ್ಡ ತೊಡಕು. ಬೈಕಿನ ಟಾಕಿ ಅಲ್ಲಾಡಿಸಿ ನೋಡಿದಂಗ ಅಲ್ಲಿ ನೋಡಾಕ ಬರೂದಿಲ್ಲ. ತೂಕ ಇಲ್ಲದಲ್ಲಿ ದ್ರವ ತಳಕ್ಕ ಕೂಡೂದಿಲ್ಲ, ಗ್ವಾಡಿಗೆ ಅಂಟಿಕೊಂಡಿರತೈತಿ. ಥ್ರಸ್ಟರ್ (ಉಪಗ್ರಹಾನ ದೂಡೂ ಸಣ್ಣ ರಾಕೆಟ್ ಎಂಜಿನ್) ಎಷ್ಟು ಸೆಕೆಂಡು ಉರೀತು ಅಂತ ವರ್ಷಾನುಗಟ್ಟಲೆ ಲೆಕ್ಕ ಇಟ್ಟು ಕಳಕೋತ ಬರಬೇಕು, ಟಾಕಿ ಒತ್ತಡ-ಉಷ್ಣತೆಯಿಂದ ತಾಳೆ ನೋಡಬೇಕು. ಸಣ್ಣ ಸಣ್ಣ ತಪ್ಪು ಕೂಡಿ, ಟಾಕಿ ಬರಿದಾಗೂ ಹೊತ್ತಿಗೇ ಅಂದಾಜು ಭಾಳ ಕೆಡತೈತಿ.

ಉತ್ತರ 2 (ಬಾಗಲಕೋಟೆ)
ಕೆಳಗ ಇಳಿಸಿದ್ದಕ್ಕ ಭಾರತ-ಫ್ರಾನ್ಸ್ ಕೂಡಿ ಮಾಡಿದ ಮೇಘಾ-ಟ್ರಾಪಿಕ್ಸ್ ಉಪಗ್ರಹ ಛಲೋ ಉದಾಹರಣೆ. ಸುಮಾರು 1,000 ಕೆ.ಜಿ., 2011ರಾಗ ಹಾರಿದ್ದು, 867 ಕಿ.ಮೀ. ಎತ್ತರ. ಹಂಗ ಬಿಟ್ಟಿದ್ರ ನೂರು ವರ್ಷದ ಮ್ಯಾಲೆ ಸುತ್ತತಿತ್ತು. 125 ಕೆ.ಜಿ. ಇಂಧನ ಉಳದಿತ್ತು. ಇಟ್ಟರ ಸಿಡಿಯೂ ಭಯ, ಬಳಸಿದ್ರ ಇಳಸೂ ದಾರಿ. 2022ರ ಆಗಸ್ಟ್‌ನಿಂದ ಮೆಲ್ಲಕ ಕಕ್ಷೆ ತಗ್ಗಿಸಿದ್ರು. 2023ರ ಮಾರ್ಚ್ 7ಕ್ಕ 11 ನ್ಯೂಟನ್ ಬಲದ ನಾಲ್ಕು ಥ್ರಸ್ಟರ್ ಎರಡು ಸಲ, ಸಲಕ್ಕ ಸುಮಾರು 20 ನಿಮಿಷ ಉರಿಸಿ ಪೆಸಿಫಿಕ್ ಸಮುದ್ರಕ್ಕ ಬೀಳಿಸಿದ್ರು.

ಕಡೀ ಇಳಿತಾನೂ ಮೆಲ್ಲಕ ಯಾಕ ಮಾಡಲಿಲ್ಲ ಅಂದ್ರ, ಭಾಳ ತಗ್ಗಿಗೆ ಬಂದ್ರ ಗಾಳಿ ತಿಕ್ಕಾಟಕ್ಕ ಉಪಗ್ರಹ ತಿರುವು-ಮುರುವು ಆಗತೈತಿ. ಥ್ರಸ್ಟರ್ ಯಾವ ಕಡೆ ಮುಖ ಮಾಡೈತಿ ಅನ್ನೂದ ಕೈಯಾಗ ಉಳಿಯೂದಿಲ್ಲ.

ಇಂಧನ ಕಡಿಮಿ ಇದ್ರ ಅರ್ಧ ಕೆಲಸ. ಭೂಮಿ ಚಿತ್ರ ತೆಗಿಯೂ ನಮ್ಮ ಕಾರ್ಟೋಸ್ಯಾಟ್-2 ಉಪಗ್ರಹದಾಗ 26 ಕೆ.ಜಿ. ಇತ್ತು, 2020ರ ಹೊತ್ತಿಗೆ ಕಕ್ಷೆಯ ಕೆಳತುದಿ 380 ಕಿ.ಮೀ.ಗೆ ತಂದು ಉಳದದ್ದು ಗಾಳಿಗೆ ಬಿಟ್ರು. 2024ರ ಫೆಬ್ರುವರಿ 14ಕ್ಕ ಬಿತ್ತು. ಏನೂ ಮಾಡದಿದ್ರ 30 ವರ್ಷ ಹಿಡೀತಿತ್ತು.

ಉತ್ತರ 3 (ಬೆಳಗಾವಿ)
ಮ್ಯಾಲೆ ಬಿಡೂವಾಗ ಒಂದು ಕೆಲಸ ಮರೀಬಾರದು, ಇಲ್ಲಾಂದ್ರ ಮುಂದ ಸಿಡಿಯೂ ಭಯ: ಉಳದ ಇಂಧನ, ಒತ್ತಡದ ಅನಿಲ ಹೊರಗ ಬಿಡೂದು, ಸೌರಫಲಕದಿಂದ ಬ್ಯಾಟರಿ ಕಡದು ಬರಿದು ಮಾಡೂದು, ಕಡೀಕ ಟ್ರಾನ್ಸ್‌ಮಿಟರ್ ಬಂದ್. ಅಮೆರಿಕದ ಹವಾಮಾನ ಉಪಗ್ರಹ ಡಿಎಂಎಸ್‌ಪಿ-ಎಫ್13 ಇಪ್ಪತ್ತು ವರ್ಷ ಸುತ್ತಿ, 2015ರ ಫೆಬ್ರುವರಿಯಾಗ ಬ್ಯಾಟರಿ ತೊಂದರಿಯಿಂದ ಚೂರುಚೂರಾತು.

ಪ್ರಶ್ನೆ ಕೇಳಿದವರು
ಬೀಳೂದೆಲ್ಲಾ ಸುಟ್ಟು ಬೂದಿ ಆಗ್ತದೇನ್ರಿ?

ಉತ್ತರ 1 (ಬೆಳಗಾವಿ)
ಇಲ್ರಿ, ಹಂಗ ಬರೀಬ್ಯಾಡ್ರಿ. ನಮ್ಮ ಉದ್ಯಮಬಾಗದ ಫೌಂಡ್ರಿಯವರನ್ನ ಕೇಳ್ರಿ: ಅಲ್ಯೂಮಿನಿಯಂ 660 ಡಿಗ್ರಿಗೇ ಕರಗತೈತಿ, ಟೈಟಾನಿಯಂಗೆ 1,668 ಬೇಕು. ಇಂಧನದ ಟಾಕಿ ಟೈಟಾನಿಯಂದು, ಗುಂಡಗೆ ಗಟ್ಟಿ. ಅದ ಭಾಳ ಸಲ ಇಡಿಯಾಗಿ ನೆಲಕ್ಕ ಬರತೈತಿ. ಅದಕ್ಕ ಸಾಧ್ಯ ಇದ್ದಲ್ಲಿ ಸಮುದ್ರ ಆರಿಸೂದು.